ಬಸುರಿಗೆ ಒಗ್ಗರಣೆ ವಾಸನೆ ಆಗದು, ಅದು ನೆಪವಲ್ಲ

"ಡಾಕ್ಟ್ರೇ, ನಾನೂ ನಾಲ್ಕು ಹೆತ್ತವಳು. ಸೌದೆ ಒಲೆ ಮುಂದೆ ಕೂತು ಹನ್ನೆರಡು ಜನಕ್ಕೆ ಬೇಯಿಸಿ ಹಾಕಿದೀನಿ. ಇವಳಿಗೆ ನೋಡಿ, ಒಗ್ಗರಣೆ ಸಿಡಿದರೆ ಸಾಕು, ಮೂಗು ಮುಚ್ಕೊಂಡು ಹಿತ್ತಿಲಿಗೆ ಓಡ್ತಾಳೆ. ಇದು ಕಾಯಿಲೆಯೋ, ಕೆಲಸ ತಪ್ಪಿಸೋ ನೆಪವೋ ನೀವೇ ಹೇಳಿ."

ಹೀಗೆಂದು ಕೇಳಿದವರು ಐವತ್ತೈದು ದಾಟಿದ ಒಬ್ಬ ಅತ್ತೆ. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಸೊಸೆಗೆ ಆಗ ಎರಡೂವರೆ ತಿಂಗಳು. "ಏನಮ್ಮಾ, ಯಾವ ಯಾವ ವಾಸನೆ ಆಗೋದಿಲ್ಲ?" ಎಂದು ಕೇಳಿದೆ. ಆಕೆ ಒಂದೊಂದಾಗಿ ಹೇಳುತ್ತ ಹೋದಳು. ಇಂಗು, ಬೆಳ್ಳುಳ್ಳಿ, ಅನ್ನ ಕುದಿಯುವಾಗಿನ ಹಬೆ, ಕಾಯಿಸಿದ ಹಾಲು, ಬಚ್ಚಲಿಗೆ ಹಾಕುವ ಫಿನಾಯಿಲ್, ಬಸ್ಸಿನ ಡೀಸೆಲ್ ಹೊಗೆ. ಕೊನೆಗೆ ದನಿ ತಗ್ಗಿಸಿ, "ಅವರ ಸೋಪಿನ ವಾಸನೆ ಮೊದಲು ನನಗೆ ತುಂಬಾ ಇಷ್ಟ ಇತ್ತು ಸಾರ್. ಈಗ ಅದೂ ಆಗೋಲ್ಲ. ಅವರು ಬೇಜಾರು ಮಾಡ್ಕೊಂಡಿದಾರೆ" ಎಂದಳು.

ಇಂಥ ಮಾತು ನನ್ನ ಚಿಕಿತ್ಸಾಲಯದಲ್ಲಿ ತಿಂಗಳಿಗೆ ನಾಲ್ಕಾರು ಬಾರಿಯಾದರೂ ಕೇಳಿಬರುತ್ತದೆ. ಬಸುರಿಯ ಬಯಕೆಯ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹುಳಿ ಮಾವಿನಕಾಯಿ ಕೇಳಿದರೆ ಮನೆಯವರು ಊರೆಲ್ಲ ಹುಡುಕಿ ತಂದುಕೊಡುತ್ತಾರೆ. ಆದರೆ ಬಯಕೆಯಷ್ಟೇ ನಿಜವಾದ ಇನ್ನೊಂದು ಸಂಗತಿಯಿದೆ. ಅದು ಹೇವರಿಕೆ. ಅದನ್ನು ಮಾತ್ರ ನಾವು ನಾಟಕ ಎಂದುಬಿಡುತ್ತೇವೆ. ಈ ವಾರ ಅದರ ಬಗ್ಗೆ ಸ್ವಲ್ಪ ವಿವರವಾಗಿ ನೋಡೋಣ.

ವಾಸನೆ ತಿಳಿಯುವ ಬಗೆ

ನಮ್ಮ ಮೂಗಿನ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಕೆಲವೇ ಚದರ ಸೆಂಟಿಮೀಟರ್ ವಿಸ್ತಾರದ ತೆಳುವಾದ ಪೊರೆಯೊಂದಿದೆ. ವಾಸನೆಯನ್ನು ಗ್ರಹಿಸುವ ನರಕೋಶಗಳು ಇರುವುದು ಇಲ್ಲೇ. ಒಗ್ಗರಣೆ ಸಿಡಿದಾಗ ಸಾಸಿವೆ, ಇಂಗು, ಎಣ್ಣೆಗಳಿಂದ ಎದ್ದ ಸೂಕ್ಷ್ಮ ಕಣಗಳು ಉಸಿರಿನೊಡನೆ ಹೋಗಿ ಈ ಪೊರೆಗೆ ತಾಗುತ್ತವೆ. ಅವುಗಳನ್ನು ಹಿಡಿಯಲು ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು.

ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಕಣ್ಣು, ಕಿವಿ, ಚರ್ಮಗಳಿಂದ ಹೊರಟ ಸುದ್ದಿ ಮಿದುಳಿನ ನಡುಭಾಗದ ಒಂದು ಕೇಂದ್ರಕ್ಕೆ ಬಂದು, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ವಾಸನೆಯ ಸುದ್ದಿಗೆ ಆ ಕಾಯುವಿಕೆಯಿಲ್ಲ. ಅದು ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಬಹುಮಟ್ಟಿಗೆ ನೇರವಾಗಿ ತಲುಪುತ್ತದೆ. ಆದ್ದರಿಂದಲೇ ಒಂದು ವಾಸನೆ ಏನೆಂದು ಗುರುತಿಸುವುದಕ್ಕೂ ಮೊದಲೇ ಅದು ಹಿತವೋ ಅಸಹ್ಯವೋ ಎಂಬುದು ನಮಗೆ ಅನ್ನಿಸಿಬಿಡುತ್ತದೆ. "ಮನಸ್ಸು ಗಟ್ಟಿ ಮಾಡಿಕೋ, ಆಗ ವಾಕರಿಕೆ ಬರೋಲ್ಲ" ಎಂಬ ಉಪದೇಶ ಬಸುರಿಗೆ ನಾಟದಿರುವುದಕ್ಕೆ ಇದೇ ಕಾರಣ. ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಹೊಟ್ಟೆ ತೊಳಸಿ ಆಗಿರುತ್ತದೆ.

ಮೂಗು ನಿಜಕ್ಕೂ ಚುರುಕಾಗುತ್ತದೆಯೇ?

"ಪಕ್ಕದ ಮನೆಯಲ್ಲಿ ಮೀನು ತೊಳೆದರೆ ನನಗಿಲ್ಲಿ ಗೊತ್ತಾಗುತ್ತೆ" ಎನ್ನುವ ಬಸುರಿಯರು ಬಹಳ. ಸ್ವೀಡನ್ನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂವರು ಗರ್ಭಿಣಿಯರಲ್ಲಿ ಸುಮಾರು ಇಬ್ಬರು ತಮಗೆ ವಾಸನೆ ಮೊದಲಿಗಿಂತ ಹೆಚ್ಚಾಗಿ ತಾಗುತ್ತದೆ ಎಂದಿದ್ದರು. ಈ ಅನುಭವ ಮೊದಲ ಮೂರು ತಿಂಗಳಲ್ಲಿ ಹೆಚ್ಚು.

ಆದರೆ ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗ ಬೇರೆ ಚಿತ್ರ ಕಾಣುತ್ತದೆ. ವಾಸನೆಯ ದ್ರವವನ್ನು ತೀರಾ ತೆಳುವಾಗಿಸಿ ಮೂಸಲು ಕೊಟ್ಟು, ಯಾವ ಪ್ರಮಾಣದಲ್ಲಿ ಅದು ಗೊತ್ತಾಗುತ್ತದೆ ಎಂದು ಪರೀಕ್ಷಿಸಿದರೆ, ಗರ್ಭಿಣಿಯರಿಗೂ ಉಳಿದ ಹೆಂಗಸರಿಗೂ ಹೆಚ್ಚಿನ ವ್ಯತ್ಯಾಸ ಸಾಮಾನ್ಯವಾಗಿ ಸಿಕ್ಕಿಲ್ಲ. ಬದಲಾಗುವುದು ವಾಸನೆಗೆ ಮಿದುಳು ಕೊಡುವ ತೀರ್ಪು. ನಿನ್ನೆಯವರೆಗೆ ಘಮ ಎನ್ನಿಸುತ್ತಿದ್ದ ಕಾಫಿ ಇಂದು ಸುಟ್ಟ ವಾಸನೆಯಂತೆ ತೋರುತ್ತದೆ. ಮೊದಲು ಗಮನಕ್ಕೇ ಬಾರದಿದ್ದ ಫ್ರಿಜ್ಜಿನ ವಾಸನೆ ಈಗ ಸಹಿಸಲಾಗುವುದಿಲ್ಲ.

ಹಾಗಾದರೆ ಇದೆಲ್ಲ ಕಲ್ಪನೆಯೇ? ಅಲ್ಲವೇ ಅಲ್ಲ. ಮೂಗು ಅಷ್ಟೇ ಇದ್ದು ತೀರ್ಪು ಬದಲಾದರೂ ಹೊಟ್ಟೆ ತೊಳಸುವುದು ನಿಜ, ವಾಂತಿಯಾಗುವುದು ನಿಜ, ತೂಕ ಇಳಿಯುವುದೂ ನಿಜ. ಇನ್ನೊಂದು ಮಾತು. ಒಮ್ಮೆ ಒಂದು ಪದಾರ್ಥ ತಿಂದು ವಾಂತಿಯಾದರೆ ಮಿದುಳು ಆ ವಾಸನೆಯನ್ನೂ ವಾಂತಿಯನ್ನೂ ಗಂಟುಹಾಕಿ ಇಟ್ಟುಕೊಳ್ಳುತ್ತದೆ. ಮುಂದೆ ಆ ವಾಸನೆಯೊಂದೇ ಸಾಕು, ವಾಕರಿಕೆ ಬರಲು. ಆದ್ದರಿಂದ "ನಿನಗೆ ಇಷ್ಟ ಅಂತ ಮಾಡಿದೀನಿ, ತಿನ್ನು" ಎಂದು ಒತ್ತಾಯಿಸಿ ತಿನ್ನಿಸಬೇಡಿ. ಇಷ್ಟದ ತಿಂಡಿಯೊಂದು ಕಾಯಂ ಆಗಿ ಬೇಡವಾಗಬಹುದು.

ವಾಕರಿಕೆಯ ಮೂಲ

ಹತ್ತರಲ್ಲಿ ಏಳೆಂಟು ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ವಾಕರಿಕೆ ಬರುತ್ತದೆ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಐದಾರನೆಯ ವಾರಕ್ಕೆ ಇದು ಶುರು. ಒಂಬತ್ತನೆಯ ವಾರದ ಹೊತ್ತಿಗೆ ಜೋರಾಗಿ, ಬಹುತೇಕರಿಗೆ ಹದಿನಾಲ್ಕು ಹದಿನಾರನೆಯ ವಾರಕ್ಕೆ ಇಳಿಯುತ್ತದೆ. ಹೆಸರಿಗೆ ಬೆಳಗಿನ ವಾಕರಿಕೆ; ಅನುಭವಿಸುವವರಿಗೆ ಅದು ಹೊತ್ತು ನೋಡಿ ಬರುವಂಥದ್ದಲ್ಲ.

ಕಳೆದ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ದೇಶಗಳ ಕೆಲವು ವೈದ್ಯರು, ಮನಸ್ಸು ಬಸಿರನ್ನು ಒಪ್ಪದಿದ್ದರೆ ಹೀಗೆ ವಾಂತಿಯಾಗುತ್ತದೆ ಎಂದು ಬರೆದರು. ಅಂಥ ಅಭಿಪ್ರಾಯ ನಮ್ಮ ಕಾಲದವರೆಗೂ ಉಳಿದುಬಂತು. ಅಮೆರಿಕದ ತಳಿವಿಜ್ಞಾನಿ ಮರ್ಲೀನಾ ಫೆಜೊ 1999ರಲ್ಲಿ ಬಸುರಿಯಾಗಿದ್ದಾಗ ಒಂದು ಗುಟುಕು ನೀರೂ ನಿಲ್ಲದಷ್ಟು ವಾಂತಿಯಿಂದ ಬಳಲಿ ಮಗುವನ್ನೇ ಕಳೆದುಕೊಂಡರು. ಆಗ ತನ್ನ ಸಂಕಟವನ್ನು ವೈದ್ಯರೇ ನಂಬಲಿಲ್ಲ ಎಂದು ಆಕೆ ಹೇಳಿಕೊಂಡಿದ್ದಾರೆ. ಮುಂದೆ ಇದರ ಕಾರಣ ಹುಡುಕುವುದನ್ನೇ ಅವರು ತಮ್ಮ ಕೆಲಸವಾಗಿ ಮಾಡಿಕೊಂಡರು.

ಅವರೂ ಕೇಂಬ್ರಿಜ್ ವಿಶ್ವವಿದ್ಯಾಲಯದ ಸ್ಟೀಫನ್ ಓ'ರಾಹಿಲಿ ಮತ್ತು ಸಂಗಡಿಗರೂ ಸೇರಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಸಂಶೋಧನೆ ಮುಖ್ಯವಾದದ್ದು. ಭ್ರೂಣ ಮತ್ತು ಮಾಸುವಿನಿಂದ ಜಿಡಿಎಫ್-15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುತ್ತದೆ. ಅದು ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆರಳಿಸುತ್ತದೆ. ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅವರ ದೇಹಕ್ಕೆ ಅದರ ಅಭ್ಯಾಸವಿರುವುದಿಲ್ಲ. ದಿಢೀರನೆ ಏರಿದಾಗ ಅವರಿಗೆ ತೊಂದರೆ ಹೆಚ್ಚು. ಮೊದಲಿನಿಂದಲೂ ಹೆಚ್ಚು ಇದ್ದವರಿಗೆ ಕಡಿಮೆ. ಅತ್ತೆಗೆ ನಾಲ್ಕು ಹೆತ್ತರೂ ಏನೂ ಆಗದೆ, ಸೊಸೆಗೆ ಮೊದಲ ಬಸಿರಿನಲ್ಲೇ ಇಷ್ಟೊಂದು ಏಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಅದು ಸೋಮಾರಿತನದ ಮಾತಲ್ಲ, ರಕ್ತದ ಮಾತು.

ವಾಕರಿಕೆ ಇದ್ದರೆ ಮಾತ್ರ ಬಸಿರು ಚೆನ್ನಾಗಿದೆ ಎಂದುಕೊಳ್ಳಬೇಡಿ. ಏನೂ ತೊಂದರೆಯಿಲ್ಲದೆ ಒಂಬತ್ತು ತಿಂಗಳು ಕಳೆದು ಆರೋಗ್ಯವಂತ ಮಗುವನ್ನು ಹೆರುವವರೂ ಬೇಕಾದಷ್ಟಿದ್ದಾರೆ. ವಾಂತಿಯ ಪ್ರಮಾಣ ನೋಡಿ ಹುಟ್ಟುವುದು ಗಂಡೋ ಹೆಣ್ಣೋ ಎಂದು ಊಹಿಸುವುದೂ ವ್ಯರ್ಥ.

"ಸಹಜ" ಎಂಬ ಮಾತಿನ ಅಪಾಯ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ವೃತ್ತಿ ಆರಂಭಿಸಿದ ಎರಡನೆಯ ವರ್ಷದ ಮಾತು. ಎರಡು ತಿಂಗಳ ಬಸುರಿಯೊಬ್ಬಳು ಬಂದು, ಯಾವ ಅಡುಗೆಯ ವಾಸನೆಯೂ ಆಗುವುದಿಲ್ಲ, ತಿಂದದ್ದು ನಿಲ್ಲುವುದಿಲ್ಲ ಎಂದಳು. ಹೊರಗೆ ಜ್ವರದ ರೋಗಿಗಳ ಸಾಲು ಇತ್ತು. "ಇದೆಲ್ಲಾ ಸಹಜ ಕಣಮ್ಮಾ, ಮೂರು ತಿಂಗಳು ತುಂಬಿದರೆ ತಾನೇ ಹೋಗುತ್ತೆ" ಎಂದು ಸಮಾಧಾನ ಹೇಳಿ ಕಳಿಸಿದೆ. ತೂಕ ನೋಡಲಿಲ್ಲ, ಮೂತ್ರ ಪರೀಕ್ಷೆ ಮಾಡಿಸಲಿಲ್ಲ.

ಹತ್ತು ದಿನಗಳ ಮೇಲೆ ಆಕೆಯನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಮೊದಲು 46 ಕಿಲೋ ಇದ್ದವಳು 41ಕ್ಕೆ ಇಳಿದಿದ್ದಳು. ಹೊಟ್ಟೆಗೆ ಏನೂ ಸೇರದಿದ್ದಾಗ ದೇಹ ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ. ಅದರ ಗುರುತಾದ ಕೀಟೋನ್ ಮೂತ್ರದಲ್ಲಿ ತುಂಬಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಚೇತರಿಸಿಕೊಂಡಳು. ತಿಂಗಳು ತುಂಬಿ ಮಗುವೂ ಚೆನ್ನಾಗಿ ಹುಟ್ಟಿತು. "ಮೊದಲೇ ಯಾಕಮ್ಮಾ ಬರಲಿಲ್ಲ?" ಎಂದು ನಾನು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಇಂದಿಗೂ ನೆನಪಿದೆ. "ಸಹಜ ಅಂತ ನೀವೇ ಹೇಳಿದ್ರಲ್ಲಾ ಸಾರ್. ಮತ್ತೆ ಬರೋಕೆ ನಾಚಿಕೆಯಾಯ್ತು."

ಅಂದಿನಿಂದ ನಾನು ಆ ಶಬ್ದವನ್ನು ಒಂಟಿಯಾಗಿ ಬಳಸುವುದಿಲ್ಲ. ಎಲ್ಲಿಯವರೆಗೆ ಸಹಜ, ಎಲ್ಲಿಂದ ಅಪಾಯ ಎಂಬುದನ್ನೂ ಜೊತೆಗೆ ಹೇಳಿ ಕಳಿಸುತ್ತೇನೆ. ಕೆಳಗಿನವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರಲ್ಲಿಗೆ ಹೋಗಿ.

* ಇಪ್ಪತ್ತನಾಲ್ಕು ಗಂಟೆ ಕಾಲ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿರುವುದು.
* ಎಂಟು ಗಂಟೆಗಳಾದರೂ ಮೂತ್ರವಾಗದಿರುವುದು, ಅಥವಾ ಗಾಢ ಬಣ್ಣದಲ್ಲಿ ಸ್ವಲ್ಪವೇ ಹೋಗುವುದು.
* ಬಸಿರಿಗೆ ಮೊದಲಿನ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿಯುವುದು. 50 ಕಿಲೋ ಇದ್ದವರಿಗೆ ಎಂದರೆ ಎರಡೂವರೆ ಕಿಲೋ.
* ಎದ್ದು ನಿಂತರೆ ತಲೆಸುತ್ತು, ಕಣ್ಣು ಕತ್ತಲೆ.
* ವಾಂತಿಯಲ್ಲಿ ರಕ್ತ, ಜ್ವರ, ಹೊಟ್ಟೆನೋವು ಅಥವಾ ಉರಿಮೂತ್ರ.
* ಮಾತು ಗಲಿಬಿಲಿ, ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಇದು ತೀರಾ ತುರ್ತು.
* ಮೊದಲು ಇಲ್ಲದ ವಾಂತಿ ಮೂರನೆಯ ತಿಂಗಳ ನಂತರ ಹೊಸದಾಗಿ ಶುರುವಾಗುವುದು. ಐದು ತಿಂಗಳಾದ ಮೇಲೆ ತಲೆನೋವಿನ ಜೊತೆ ವಾಂತಿ ಬಂದರೆ ರಕ್ತದೊತ್ತಡ ನೋಡಿಸಲೇಬೇಕು.

ತೀವ್ರ ವಾಂತಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಪತ್ನಿ ಕೇಟ್ 2012ರ ಡಿಸೆಂಬರಿನಲ್ಲಿ ಇದಕ್ಕಾಗಿಯೇ ಆಸ್ಪತ್ರೆ ಸೇರಿದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು.

ಗ್ಲೂಕೋಸ್ ಬಾಟಲಿಯ ಬಗ್ಗೆಯೂ ಒಂದು ಎಚ್ಚರಿಕೆ. ಸುಸ್ತಾದ ಬಸುರಿಯನ್ನು ಕರೆತಂದು "ಒಂದು ಗ್ಲೂಕೋಸ್ ಏರಿಸಿಬಿಡಿ" ಎಂದು ಒತ್ತಾಯಿಸುವವರು ಬಹಳ. ವಾರಗಟ್ಟಲೆ ಊಟವಿಲ್ಲದವರ ದೇಹದಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಹಾನಿಯಾಗುವ ಸಂಭವವಿದೆ. ಯಾವ ಬಾಟಲಿ, ಯಾವಾಗ ಎಂಬುದನ್ನು ವೈದ್ಯರಿಗೇ ಬಿಡಿ.

ಮನೆಯಲ್ಲಿ ಮಾಡಬಹುದಾದದ್ದು

ಸಾಧಾರಣ ತೊಂದರೆಗೆ ಮಾತ್ರೆಗಿಂತ ಮನೆಯವರೇ ಹೆಚ್ಚು ನೆರವಾಗಬಲ್ಲರು.

ಮೊದಲನೆಯದು, ವಾಸನೆಯಿಂದ ದೂರ ಇರಿಸುವುದು. ಒಂದೆರಡು ತಿಂಗಳ ಮಟ್ಟಿಗೆ ಒಲೆಯ ಮುಂದಿನ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಗಂಡ ಒಗ್ಗರಣೆ ಹಾಕಿದರೆ ಸಾರಿನ ರುಚಿಯೇನೂ ಕೆಡುವುದಿಲ್ಲ! ಆ ಹೊತ್ತಿನಲ್ಲಿ ಆಕೆ ಜಗುಲಿಯಲ್ಲೋ ಮಹಡಿಯ ಮೇಲೋ ಇರಲಿ. ಅಡುಗೆಮನೆಯ ಕಿಟಕಿ ತೆರೆದಿರಲಿ, ಹೊಗೆ ಎಳೆಯುವ ಫ್ಯಾನ್ ಇದ್ದರೆ ಓಡಲಿ. ಊದುಬತ್ತಿ, ಸೊಳ್ಳೆಬತ್ತಿ, ಸೆಂಟುಗಳನ್ನು ಕೆಲಕಾಲ ಬಿಡಿ. ಬೀಡಿ ಸಿಗರೇಟಿನ ಹೊಗೆಯಂತೂ ವಾಸನೆಗಷ್ಟೇ ಅಲ್ಲ, ಮಗುವಿಗೂ ಕೆಟ್ಟದ್ದು.

ಎರಡನೆಯದು, ಬಿಸಿಬಿಸಿ ಊಟದ ಹಟ ಬೇಡ. ಬಿಸಿಯಾದ ಪದಾರ್ಥದಿಂದ ಹಬೆಯ ಜೊತೆ ವಾಸನೆಯ ಕಣಗಳು ಹೆಚ್ಚು ಏಳುತ್ತವೆ, ತಣಿದದ್ದರಿಂದ ಕಡಿಮೆ. ಆರಿದ ಇಡ್ಲಿ, ಮೊಸರನ್ನ, ಸಿಪ್ಪೆ ಸುಲಿದ ಹಣ್ಣು ಅನೇಕರಿಗೆ ಒಗ್ಗುತ್ತವೆ. ಆರಿದ್ದು ಎಂದರೆ ಹಳಸಿದ್ದಲ್ಲ; ಅಂದಂದಿನ ಅಡುಗೆಯೇ ಆಗಿರಲಿ.

ಮೂರನೆಯದು, ಹೊಟ್ಟೆ ಖಾಲಿ ಬಿಡಬಾರದು. ಹಾಸಿಗೆಯ ಪಕ್ಕದಲ್ಲಿ ಸ್ವಲ್ಪ ಮಂಡಕ್ಕಿ, ಹುರಿಗಡಲೆ ಅಥವಾ ರಸ್ಕ್ ಇಟ್ಟುಕೊಂಡು, ಏಳುವ ಮೊದಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಲಿ. ಮೂರು ಹೊತ್ತಿನ ಊಟವನ್ನು ಆರು ಪಾಲು ಮಾಡಿ. ನೀರು, ಮಜ್ಜಿಗೆ, ಎಳನೀರು, ನಿಂಬೆ ಪಾನಕಗಳನ್ನು ಊಟದ ಜೊತೆಗಲ್ಲದೆ ನಡುನಡುವೆ ಗುಟುಕು ಗುಟುಕಾಗಿ ಕುಡಿಯಲಿ. ಹಲ್ಲುಜ್ಜಿದೊಡನೆ ವಾಂತಿಯಾಗುವವರು ಸ್ವಲ್ಪ ತಿಂದು, ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ. ಬಸ್ಸಿನಲ್ಲಿ ಹೋಗುವಾಗ ಕೈಯಲ್ಲೊಂದು ನಿಂಬೆಹಣ್ಣು ಇರಲಿ.

ಕಬ್ಬಿಣದ ಮಾತ್ರೆಯ ವಾಸನೆಯೇ ಕೆಲವರಿಗೆ ಆಗುವುದಿಲ್ಲ. ಯಾರಿಗೂ ಹೇಳದೆ ಅದನ್ನು ಕಿಟಕಿಯಾಚೆ ಎಸೆಯುವ ಬದಲು ವೈದ್ಯರಿಗೆ ತಿಳಿಸಿ. ಮೊದಲ ಮೂರು ತಿಂಗಳು ಮುಖ್ಯವಾಗಿ ಬೇಕಾದದ್ದು ಫೋಲಿಕ್ ಆಮ್ಲ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿನಿಂದ ಆರಂಭಿಸುತ್ತಾರೆ.

ಔಷಧಿಯ ಭಯ

"ಬಸಿರಿನಲ್ಲಿ ಮಾತ್ರೆ ತಗೊಂಡರೆ ಮಗುವಿಗೆ ಊನವಾಗುತ್ತೆ" ಎಂಬ ಭಯಕ್ಕೆ ಹಿನ್ನೆಲೆಯಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ಔಷಧಿಯನ್ನು ಗರ್ಭಿಣಿಯರ ವಾಕರಿಕೆಗೂ ಕೊಟ್ಟರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಮೇಲೆ, 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳಲಾಯಿತು.

ಆ ಭಯದ ನೆರಳು ಒಳ್ಳೆಯ ಔಷಧಿಯ ಮೇಲೂ ಬಿತ್ತು. ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆಯನ್ನು ತಯಾರಕರು ಮೊಕದ್ದಮೆಗಳಿಗೆ ಹೆದರಿ 1983ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ಅದರಿಂದ ಮಗುವಿಗೆ ಊನವಾಗುವುದಿಲ್ಲವೆಂದು ಅನೇಕ ಅಧ್ಯಯನಗಳು ತೋರಿಸಿದವು. 2013ರಲ್ಲಿ ಅಲ್ಲಿನ ಸರ್ಕಾರ ಅದೇ ಜೋಡಿ ಔಷಧಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ವೈದ್ಯರು ಮೊದಲಿಗೆ ಬರೆದುಕೊಡುವುದು ಸಾಮಾನ್ಯವಾಗಿ ಇದನ್ನೇ. ಸ್ವಲ್ಪ ನಿದ್ದೆ ತರುತ್ತದೆ, ಅಷ್ಟೆ. ಇದಕ್ಕೂ ಬಗ್ಗದಿದ್ದರೆ ಬೇರೆ ಔಷಧಿಗಳಿವೆ. ಆದರೆ ಪಕ್ಕದ ಮನೆಯವರಿಗೆ ಬರೆದ ಚೀಟಿ ತೋರಿಸಿ ಅಂಗಡಿಯಿಂದ ತಂದು ನುಂಗಬೇಡಿ.

ಮಣ್ಣಿನ ವಾಸನೆಯ ಆಸೆ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯಿದೆ. ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಎಲ್ಲರಿಗೂ ಪ್ರಿಯ. ಆದರೆ ಗೋಡೆಗೆ ನೀರು ಚಿಮುಕಿಸಿ ಮತ್ತೆ ಮತ್ತೆ ಮೂಸಬೇಕೆನ್ನಿಸಿದರೆ, ಸೀಮೆಎಣ್ಣೆ, ಫಿನಾಯಿಲ್ ವಾಸನೆ ಬೇಕೇ ಬೇಕೆನ್ನಿಸಿದರೆ, ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಚಪಲ ಹತ್ತಿದರೆ ಅದನ್ನು ಬಯಕೆ ಎಂದು ನಕ್ಕು ಬಿಡಬೇಡಿ. ದೇಹದಲ್ಲಿ ಕಬ್ಬಿಣ ಕಡಿಮೆಯಾದವರಲ್ಲಿ ಇಂಥ ಆಸೆ ಕಾಣಿಸಿಕೊಳ್ಳುವುದುಂಟು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 11 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಕಬ್ಬಿಣ ತುಂಬಿಕೊಂಡರೆ ಈ ಚಪಲ ಸಾಮಾನ್ಯವಾಗಿ ಹೋಗುತ್ತದೆ. ಬಚ್ಚಿಟ್ಟು ಮಣ್ಣು ತಿನ್ನುವ ಹೆಣ್ಣುಮಗಳನ್ನು ಬೈದರೆ ಆಕೆ ಇನ್ನಷ್ಟು ಬಚ್ಚಿಡುತ್ತಾಳೆ, ಅಷ್ಟೆ.

ವಾಸನೆಯೇ ಬಾರದಿದ್ದರೆ

ಕೆಲವರಿಗೆ ಬಸಿರಿನಲ್ಲಿ ನೆಗಡಿಯಿಲ್ಲದೆಯೂ ಮೂಗು ಕಟ್ಟಿಕೊಂಡು ವಾಸನೆ, ರುಚಿ ಎರಡೂ ಮಂಕಾಗುತ್ತವೆ. ಹಾರ್ಮೋನುಗಳ ಪ್ರಭಾವದಿಂದ ಮೂಗಿನ ಒಳಪೊರೆ ಊದಿಕೊಳ್ಳುವುದು ಇದಕ್ಕೆ ಕಾರಣ. ಹೆರಿಗೆಯಾದ ಮೇಲೆ ಸರಿಹೋಗುತ್ತದೆ. ಉಪ್ಪುನೀರಿನ ಹನಿ ಹಾಕಬಹುದು, ತಲೆ ಎತ್ತರಿಸಿ ಮಲಗಬಹುದು. ಮೂಗು ಬಿಡಿಸುವ ಔಷಧಿಯ ಹನಿಗಳನ್ನು ದಿನಗಟ್ಟಲೆ ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಜ್ವರ ಕೆಮ್ಮಿನೊಡನೆ ವಾಸನೆ ಹೋದರೆ ಕೋವಿಡ್ ಇರಬಹುದೇ ಎಂದು ವೈದ್ಯರಿಗೆ ತೋರಿಸಿ. ಅಡುಗೆ ಅನಿಲದ ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಬಾರದವರು ಒಬ್ಬರೇ ಇರುವಾಗ ಒಲೆಯ ಗುಂಡಿಯನ್ನು ಎರಡು ಬಾರಿ ನೋಡಿಕೊಳ್ಳಲಿ.

ಇನ್ನು ಮೊದಲು ಹೇಳಿದ ಅತ್ತೆ ಸೊಸೆಯರ ವಿಷಯ. ಸೊಸೆಯ ತೂಕ ಒಂದು ಕಿಲೋ ಮಾತ್ರ ಇಳಿದಿತ್ತು, ಮೂತ್ರ ಸರಿಯಿತ್ತು. ಮಾತ್ರೆ ಬರೆದುಕೊಟ್ಟು, ಮೇಲಿನದನ್ನೆಲ್ಲ ಇಬ್ಬರಿಗೂ ವಿವರಿಸಿದೆ. ಮೂರು ವಾರ ಬಿಟ್ಟು ಬಂದಾಗ ಇಳಿದ ತೂಕದಲ್ಲಿ ಅರ್ಧ ಕಿಲೋ ಮರಳಿ ಬಂದಿತ್ತು. ಗಂಡ ಸೋಪು ಬದಲಾಯಿಸಿದ್ದ. ಒಗ್ಗರಣೆ ಈಗ ಅತ್ತೆಯದೇ. ಸೊಸೆ ಹೊರಗೆ ಹೋದಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನಗೂ ಮೊದಲನೇ ಬಸಿರಲ್ಲಿ ಹುರಿದ ಮೆಣಸಿನಕಾಯಿ ಘಾಟು ಆಗ್ತಿರಲಿಲ್ಲ ಡಾಕ್ಟ್ರೇ. ಬಾಯಿಗೆ ಸೆರಗು ತುರುಕ್ಕೊಂಡು ಅಡುಗೆ ಮಾಡ್ತಿದ್ದೆ. ಆಗ ನಮ್ಮನ್ನ ಯಾರು ಕೇಳ್ತಿದ್ರು?"

ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಇವತ್ತೇ ಒಮ್ಮೆ ಕೇಳಿ ನೋಡಿ, ಯಾವ ವಾಸನೆ ಆಗೋದಿಲ್ಲ ಎಂದು. ವಾರಕ್ಕೊಮ್ಮೆ ಆಕೆಯ ತೂಕ ನೋಡಿ ಬರೆದಿಡಿ.